ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ ಸ್ವಾಮಿ!

ಚಿಂತಾಮಣಿಯ ಹಳೇ ಗಾಡಿಗಳ ಅಂಗಳವೊಂದರಲ್ಲಿ, ಟಯರಿಗೆ ಕಪ್ಪು ಪಾಲಿಶ್ ಬಳಿಸಿಕೊಂಡು, ಸೀಟಿಗೆ ಹೊಸ ಕವರ್ ಹಾಕಿಸಿಕೊಂಡು ಗಿರಾಕಿಗೆ ಕಾಯುತ್ತಿದ್ದ 2006ರ ಮಾಡೆಲ್ ಸ್ಪ್ಲೆಂಡರ್ ಒಂದು ಸಂದರ್ಶನಕ್ಕೆ ಒಪ್ಪಿಕೊಂಡಿತು. ಷರತ್ತು ಒಂದೇ: ‘ಎಷ್ಟು ಕೊಡುತ್ತೆ?’ ಎಂದು ಮಾತ್ರ ಕೇಳಬಾರದು.

ನಾವು: ನಮಸ್ಕಾರ. ತಮ್ಮ ಪರಿಚಯ?

ಬೈಕು: ಟ್ಯಾಂಕಿನ ಮೇಲೆ ಓದಿಕೊಳ್ಳಿ. ಹೀರೋ, ಹೋಂಡಾ ಎರಡೂ ಹೆಸರು ಒಟ್ಟಿಗೇ ಇವೆ. 2010ರ ಕೊನೆಯಲ್ಲಿ ಅವರಿಬ್ಬರೂ ಬೇರೆಯಾಗಲು ತೀರ್ಮಾನಿಸಿದರು; ನಾನು ಕೂಡು ಕುಟುಂಬದ ಕಾಲದವನು. ನಂಬರು ಕೋಲಾರದ್ದು, ಕೆಎ 07. ನಾನು ರಸ್ತೆಗಿಳಿದ ಮರುವರ್ಷವೇ ಜಿಲ್ಲೆಯೂ ಪಾಲಾಗಿ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಲ್ಲ ಚಿಕ್ಕಬಳ್ಳಾಪುರಕ್ಕೆ ಸೇರಿದವು. ಕಂಪನಿ ಪಾಲಾಯಿತು, ಜಿಲ್ಲೆ ಪಾಲಾಯಿತು. ಇನ್ನೂ ಒಂದೇ ಆಗಿರುವುದು ನನ್ನ ಪಿಸ್ಟನ್ನು.

ನಾವು: ‘ಸಿಂಗಲ್ ಓನರ್, ಮೇಷ್ಟ್ರು ಓಡಿಸಿದ ಗಾಡಿ’ ಅಂತಿದ್ದಾರೆ ನಿಮ್ಮ ಯಜಮಾನರು.

ಬೈಕು: ಮಾರಾಟಕ್ಕೆ ಬಂದ ಗಾಡಿಗಳನ್ನೆಲ್ಲ ಮೇಷ್ಟ್ರುಗಳೇ ಓಡಿಸಿದ್ದರೆ ಈ ಜಿಲ್ಲೆಯಲ್ಲಿ ಪಾಠ ಮಾಡಿದವರು ಯಾರು? ನನ್ನ ಮೊದಲ ಯಜಮಾನರು ಗೌರಿಬಿದನೂರಿನ ಮೇಷ್ಟ್ರು, ಅದು ನಿಜ. ಆಮೇಲೆ ಶಿಡ್ಲಘಟ್ಟದ ರೇಷ್ಮೆ ರೈತ, ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರಿ. ಆರ್‌.ಸಿ.ಯಲ್ಲಿ ಮಾತ್ರ ಇವತ್ತಿಗೂ ಮೇಷ್ಟ್ರ ಹೆಸರೇ. ಕಾಗದ ನೋಡಿದರೆ ‘ಸಿಂಗಲ್ ಓನರ್’ ಅನ್ನುವುದರಲ್ಲಿ ಸುಳ್ಳೇನಿಲ್ಲ.

ನಾವು: ಮೀಟರು ಮೂವತ್ತೆರಡು ಸಾವಿರ ತೋರಿಸುತ್ತಿದೆ...

ಬೈಕು: ಅದಕ್ಕಿರುವುದು ಐದು ಅಂಕಿ. ಒಂದು ಸುತ್ತು ಮುಗಿಸಿ ಸೊನ್ನೆಯಿಂದ ಮತ್ತೆ ಶುರುಮಾಡಿದ್ದನ್ನು ಅದು ಯಾರಿಗೂ ಹೇಳುವುದಿಲ್ಲ. ಕೇಬಲ್ ಕಿತ್ತು ಹೋಗಿದ್ದ ವರ್ಷಗಳ ಲೆಕ್ಕವಂತೂ ದೇವರಿಗೇ ಗೊತ್ತು. ಮೀಟರನ್ನು ಬಿಡಿ, ಗೇರ್ ಲಿವರಿನ ರಬ್ಬರು, ಬ್ರೇಕ್ ಪೆಡಲಿನ ಸವೆತ ನೋಡಿ. ಅವಕ್ಕೆ ಬಣ್ಣ ಬಳಿಯಲು ಯಾರಿಗೂ ನೆನಪಿರುವುದಿಲ್ಲ.

ನಾವು: ರೇಷ್ಮೆ ರೈತರ ಮನೆಯಲ್ಲಿ ಹೇಗಿತ್ತು ಬಾಳು?

ಬೈಕು: ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ನೋಡಿದ್ದೀರಾ? ಹಗಲು ರಾತ್ರಿ ಮೇಯುತ್ತದೆ. ಆ ವಾರವೆಲ್ಲ ನನ್ನ ಬೆನ್ನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಹಿಂದಿನಿಂದ ನೋಡಿದವರಿಗೆ ಸೊಪ್ಪೇ ರಸ್ತೆಯಲ್ಲಿ ನಡೆದು ಹೋಗುತ್ತಿತ್ತು. ಕೆರೆ ಕಟ್ಟೆಯ ಏರಿನಲ್ಲಿ ಅರ್ಧ ಕ್ಲಚ್ಚು ಹಿಡಿದು ಆಕ್ಸಿಲರೇಟರ್ ತಿರುವುತ್ತಿದ್ದರು. ಕ್ಲಚ್ ಪ್ಲೇಟು ಸುಟ್ಟಿತು. ಇಂಜಿನ್ ಕಿರುಚುತ್ತದೆ, ಗಾಡಿ ಕದಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಅದಕ್ಕೆ ಅವರು ಕೊಟ್ಟ ಹೆಸರು ‘ಪಿಕಪ್ ಇಲ್ಲ’. ಮೆಕ್ಯಾನಿಕ್ ಏನು ಮಾಡಿದ? ಕಾರ್ಬೊರೇಟರ್ ತೊಳೆದ.

ಅದೇ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ರೀಲರನ್ನು ನೋಡಿ. ಒಂದು ಹಿಡಿ ಎತ್ತಿಕೊಳ್ಳುತ್ತಾನೆ, ಹಿಸುಕುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳುತ್ತಾನೆ, ಆಮೇಲೆ ದರ ಹಾಕುತ್ತಾನೆ. ಅದೇ ಮನುಷ್ಯ ಹಳೇ ಗಾಡಿ ಕೊಳ್ಳಲು ಬಂದರೆ ಸ್ಟಿಕ್ಕರ್ ನೋಡಿ ಅಡ್ವಾನ್ಸ್ ಕೊಡುತ್ತಾನೆ.

ನಾವು: ನಿಮಗೆ ದೆವ್ವ ಹಿಡಿದಿತ್ತು ಅಂತ ಕೇಳಿದ್ದೆವು?

ಬೈಕು: ಅದು ಹೂವಿನ ವ್ಯಾಪಾರಿಯ ಕಾಲದ ಕಥೆ. ನಸುಕಿನಲ್ಲಿ ಸೇವಂತಿಗೆ ಮೂಟೆ ಕಟ್ಟಿಕೊಂಡು ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಹೊರಡುತ್ತಿದ್ದೆವು. ಒಂದಷ್ಟು ದೂರ ಸಲೀಸಾಗಿ ಓಡಿ, ಕೆಮ್ಮಿ, ನಿಂತುಬಿಡುತ್ತಿದ್ದೆ. ಕಾಲು ಗಂಟೆ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ನಿಲ್ಲುತ್ತಿದ್ದ ಜಾಗದ ಹತ್ತಿರ ಒಂದು ಹುಣಸೆಮರ ಇದ್ದದ್ದೇ ನನ್ನ ಗ್ರಹಚಾರ. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಹ್ಯಾಂಡಲಿಗೆ ಕಪ್ಪು ದಾರ ಕಟ್ಟಿದರು. ದಾರಕ್ಕೆ ಬಗ್ಗದಿದ್ದಾಗ ಪ್ಲಗ್ಗು ಬದಲಾಯಿತು, ಕಾಯಿಲ್ ಬದಲಾಯಿತು, ಸಿಡಿಐ ಬದಲಾಯಿತು. ಕೊನೆಗೆ ‘ಇಂಜಿನ್ ಕೆಲಸ ಇದೆ, ಇಳಿಸಬೇಕು’ ಅಂದರು.

ನಾವು: ನಿಜವಾಗಿ ಇದ್ದದ್ದೇನು?

ಬೈಕು: ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣದೊಂದು ತೂತು ಇರುತ್ತದೆ. ದೂಳು, ಪಾಲಿಶ್ ಮೆತ್ತಿಕೊಂಡು ಅದು ಮುಚ್ಚಿಹೋಗಿತ್ತು. ಪೆಟ್ರೋಲು ಕೆಳಗಿಳಿದ ಹಾಗೆ ಮೇಲಿಂದ ಗಾಳಿ ಬಾರದಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲು ಇಳಿಯುವುದು ನಿಲ್ಲುತ್ತದೆ. ಕಾರ್ಬೊರೇಟರಿನ ಬಟ್ಟಲು ಬರಿದಾಗುತ್ತದೆ, ನಾನು ನಿಲ್ಲುತ್ತೇನೆ. ಕಾದರೆ ಎಲ್ಲಿಂದಲೋ ಅಷ್ಟಿಷ್ಟು ಗಾಳಿ ನುಸುಳಿ ಮತ್ತೆ ಓಡುತ್ತೇನೆ. ಟ್ಯಾಂಕು ತುಂಬಿಸಿದ ದಿನ ಒಳಗೆ ಗಾಳಿಗೆ ಜಾಗ ಕಡಿಮೆ, ಬೇಗ ನಿಲ್ಲುತ್ತಿದ್ದೆ; ಅರ್ಧ ಖಾಲಿ ಇದ್ದ ದಿನ ಹೆಚ್ಚು ದೂರ ಹೋಗುತ್ತಿದ್ದೆ. ‘ಈ ಗಾಡಿಗೆ ಪೆಟ್ರೋಲ್ ಆಗಿಬರಲ್ಲ’ ಎಂದು ಯಜಮಾನರು ತೀರ್ಪು ಕೊಟ್ಟರು. ನಿಂತ ಕೂಡಲೇ ಮುಚ್ಚಳ ತೆಗೆದಿದ್ದರೆ ‘ಫುಸ್’ ಎಂದು ನಾನೇ ಹೇಳುತ್ತಿದ್ದೆ.

ನಾವು: ಹಾಗಾದರೆ ಸ್ಟಾರ್ಟ್ ಆಗದಿದ್ದರೆ ಎಲ್ಲಿಂದ ಶುರುಮಾಡಬೇಕು?

ಬೈಕು: ಕಾಸು ಖರ್ಚಿಲ್ಲದ ಕಡೆಯಿಂದ. ನನಗೆ ಬೇಕಾದ್ದು ನಾಲ್ಕೇ: ಪೆಟ್ರೋಲು, ಕಿಡಿ, ಗಾಳಿ, ಒತ್ತಡ. ಪೆಟ್ರೋಲ್ ಕಾಕ್ ಆನ್ ಇದೆಯೇ, ರಿಸರ್ವಿಗೆ ಬಂದಿದೆಯೇ ನೋಡಿ. ಬಹಳ ದಿನ ನಿಂತಿದ್ದ ಗಾಡಿಯಾದರೆ ಕಾರ್ಬೊರೇಟರಿನ ತಳದ ಸ್ಕ್ರೂ ಸಡಿಲಿಸಿ ಹಳೇ ಪೆಟ್ರೋಲು ಇಳಿಸಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್. ಅದು ನೀರನ್ನು ಎಳೆದುಕೊಳ್ಳುವ ಗುಣದ್ದು. ನನ್ನ ವಯಸ್ಸಿನ ರಬ್ಬರ್ ಪೈಪು, ವಾಷರುಗಳನ್ನೂ ಒಮ್ಮೆ ನೋಡಿಕೊಳ್ಳಿ.

ಆಮೇಲೆ ಪ್ಲಗ್ಗು ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆಯಿರಿ. ಹತ್ತಿರ ಚೆಲ್ಲಿದ ಪೆಟ್ರೋಲು ಇರಬಾರದು. ನೀಲಿ ಕಿಡಿ ಚಟ್ ಎಂದರೆ ಸರಿ. ಪ್ಲಗ್ಗಿನ ತುದಿ ತಿಳಿ ಕಂದು ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಚೋಕ್ ಸಿಕ್ಕಿಕೊಂಡಿದೆ. ಜಿಡ್ಡು ಜಿಡ್ಡಾಗಿದ್ದರೆ ಇಂಜಿನ್ನು ಆಯಿಲ್ ಕುಡಿಯುತ್ತಿದೆ. ಬಿಳಿಚಿಕೊಂಡಿದ್ದರೆ ಎಲ್ಲೋ ಹೆಚ್ಚು ಗಾಳಿ ನುಗ್ಗುತ್ತಿದೆ.

ಕೊನೆಗೆ ಕಿಕ್. ಕಾಲಿಗೆ ಎದುರು ಒತ್ತಡವೇ ಸಿಗದೆ ಸರಕ್ಕನೆ ಇಳಿದರೆ ವಾಲ್ವೋ ರಿಂಗೋ ಹೋಗಿದೆ; ಇಂಜಿನ್ ಕೆಲಸದ ಮಾತು ಬರುವುದು ಆಗ. ತಣ್ಣಗಿದ್ದಾಗ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಮೊಂಡು ಹಿಡಿದರೆ ಮೊದಲು ಟ್ಯಾಪೆಟ್ ಬಿಗಿ ಇದೆಯೇ ನೋಡಿಸಿ. ನಮ್ಮವರು ಇದನ್ನೆಲ್ಲ ತಿರುಗಾಮುರುಗಾ ಮಾಡುತ್ತಾರೆ: ಮೊದಲು ಇಂಜಿನ್ ಇಳಿಸುತ್ತಾರೆ, ಕೊನೆಗೆ ಪೆಟ್ರೋಲ್ ಇದೆಯಾ ಅಂತ ಟ್ಯಾಂಕ್ ಅಲ್ಲಾಡಿಸುತ್ತಾರೆ. ಇಷ್ಟು ವರ್ಷ ನನ್ನನ್ನು ಕನ್ನಡದಲ್ಲಿ ಒದ್ದಿದ್ದಾರೆ, ತೆಲುಗಿನಲ್ಲಿ ಬೈದಿದ್ದಾರೆ. ಎರಡು ಭಾಷೆಯಲ್ಲೂ ಒಬ್ಬರಾದರೂ ‘ಏನಾಗಿದೆ?’ ಅಂತ ಕೇಳಲಿಲ್ಲ.

ನಾವು: ಈಗ ಮಾತ್ರ ಒಂದೇ ಕಿಕ್ಕಿಗೆ ಸ್ಟಾರ್ಟ್ ಆದಿರಲ್ಲ?

ಬೈಕು: ನೀವು ಫೋನ್ ಮಾಡಿ ‘ಬರ್ತಿದ್ದೀವಿ’ ಅಂದಿರಿ. ನೀವು ಬರುವ ಮೊದಲೇ ನನ್ನನ್ನು ಬಿಸಿ ಮಾಡಿ ಇಟ್ಟಿದ್ದರು. ಟಕಟಕ ಸದ್ದು ಅಡಗಲಿ ಅಂತ ಮಂದ ಆಯಿಲ್ ಹುಯ್ದಿದ್ದಾರೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ದರೆ ಸೈಲೆನ್ಸರಿನಿಂದ ಒಂದು ಬುಗ್ಗೆ ನೀಲಿ ಹೊಗೆ ಬರುತ್ತಿತ್ತು, ವಾಲ್ವ್ ಸೀಲು ಹೋಗಿದೆ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಹೊಗೆ ಬರುವ ಗಾಡಿಯ ರಿಂಗು ಹೋಗಿರುತ್ತದೆ; ನಾನು ಇನ್ನೂ ಆ ಹಂತಕ್ಕೆ ಬಂದಿಲ್ಲ.

ನಾವು: ಮೇಷ್ಟ್ರ ಹೆಸರು ಆರ್‌.ಸಿ.ಯಲ್ಲೇ ಉಳಿದರೆ ತೊಂದರೆ ಏನು?

ಬೈಕು: ಪಾಪ, ನನ್ನನ್ನು ಮಾರಿ ಕೈ ತೊಳೆದುಕೊಂಡೆ ಅಂದುಕೊಂಡಿದ್ದಾರೆ. ಅಪಘಾತದ ಹೊತ್ತಿಗೆ ನೋಂದಣಿ ಯಾರ ಹೆಸರಿನಲ್ಲಿದೆಯೋ ಪರಿಹಾರದ ಹೊಣೆ ಅವರದೇ, ಗಾಡಿ ಹತ್ತು ಕೈ ಬದಲಾಯಿಸಿದ್ದರೂ ಸರಿ, ಎಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ಸಾಲದ್ದಕ್ಕೆ ನನ್ನ 15 ವರ್ಷದ ನೋಂದಣಿ 2021ಕ್ಕೇ ಮುಗಿದಿದೆ, ನವೀಕರಣ ಆಗಿಲ್ಲ. ಆದರೂ ಹೊರಗೆ ಬೋರ್ಡಿನಲ್ಲಿ ‘ಆಲ್ ಪೇಪರ್ಸ್ ಕ್ಲಿಯರ್’.

ನಾವು: ಓದುಗರಿಗೆ ಕೊನೆಯ ಮಾತು?

ಬೈಕು: ಮಾರುವವರು 29, 30ನೇ ನಮೂನೆಗಳಿಗೆ ಸಹಿ ಹಾಕಿಕೊಟ್ಟರೆ ಸಾಲದು, ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೂ ಬೆನ್ನು ಬಿಡಬೇಡಿ. ಕೊಳ್ಳುವವರು ಬೆಳಿಗ್ಗೆ ಬನ್ನಿ, ಹೇಳದೆ ಬನ್ನಿ, ಬೆಲೆ ಕೇಳುವ ಮೊದಲು ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಟೀ ಕುಡಿದು ಮನೆಗೆ ಹೋಗಿ, ಇನ್ನೊಂದು ದಿನ ಬನ್ನಿ.