ಸ್ಟುಟ್‌ಗಾರ್ಟಿನಲ್ಲಿ ಇಂಗ್ಲಿಷ್ ಟ್ಯೂಷನ್

ಜರ್ಮನಿಯ ಜನ ಮಾತಾಡುವುದು ಇಂಗ್ಲಿಷ್ ಅಲ್ಲ ಎಂಬ ಸುದ್ದಿ ಮೈಸೂರಿನ ಕುವೆಂಪುನಗರಕ್ಕೆ ಇನ್ನೂ ತಲುಪಿಲ್ಲ. ಅಲ್ಲಿರುವ ನಮ್ಮ ಮಾವನವರ ಲೆಕ್ಕದಲ್ಲಿ ಭೂಮಿಯ ಮೇಲಿರುವುದು ಎರಡೇ ಜಾಗ: ಇಂಡಿಯಾ ಮತ್ತು ಫಾರಿನ್. ಫಾರಿನ್ನಿನಲ್ಲಿ ಚಳಿ ಇರುತ್ತದೆ, ಧೂಳು ಇರುವುದಿಲ್ಲ, ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ. ಹೀಗಿರುವಾಗ ಸ್ಟುಟ್‌ಗಾರ್ಟಿನಲ್ಲೇ ಹುಟ್ಟಿದ ಮೊಮ್ಮಗಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದರೆ ಅವರು ನಂಬುವುದಾದರೂ ಹೇಗೆ? ಮಗುವಿನ ಕಿವಿಯನ್ನೊಮ್ಮೆ ಡಾಕ್ಟರಿಗೆ ತೋರಿಸಿ ಅಂದರು.

ಭಾನುವಾರದ ವಿಡಿಯೋ ಕಾಲ್ ಹೊತ್ತಿಗೆ ಅವರ ಮನೆಯಲ್ಲಿ ಯಾರಾದರೊಬ್ಬರು ಅತಿಥಿ ಇದ್ದೇ ಇರುತ್ತಾರೆ. "ಪುಟ್ಟೀ, ತಾತನ ಫ್ರೆಂಡ್ ಬಂದಿದಾರೆ, ಒಂದು ರೈಮ್ಸ್ ಹೇಳಮ್ಮ." (ಒಂದೇ ಇದ್ದರೂ ಅದು ರೈಮ್ಸೇ.) ಪುಟ್ಟಿ ಕಿಂಡರ್‌ಗಾರ್ಟನ್ನಿನಲ್ಲಿ ಕಲಿತ ಬಾತುಕೋಳಿ ಮರಿಗಳ ಹಾಡನ್ನು, ತಲೆ ನೀರಿಗೆ ಬಾಲ ಮೇಲಕ್ಕೆ ಎಂಬ ಅಭಿನಯದ ಸಮೇತ, ಅಪ್ಪಟ ಜರ್ಮನ್ನಿನಲ್ಲಿ ಹಾಡಿ ಮುಗಿಸಿದಳು. ಆ ಕಡೆ ಯಾರೂ ಮಾತಾಡಲಿಲ್ಲ. ಕೊನೆಗೆ ಬಂದಿದ್ದ ಹಿರಿಯರೇ, "ಆಕ್ಸೆಂಟ್ ಇರ್ಬೇಕು ಬಿಡಿ ಸಾರ್" ಎಂದು ಮಾವನವರನ್ನು ಸಮಾಧಾನ ಮಾಡಿದರು.

ಧಾರವಾಡದ ನಮ್ಮವ್ವನದು ಇನ್ನೂ ನೇರ ಮಾತು. "ಅಲ್ಲವಾ, ನಮ್ಮ ಓಣ್ಯಾಗಿನ ಕೂಸುಗಳು ಇಲ್ಲೇ ಕುಂತು ಪಟಪಟ ಇಂಗ್ಲಿಷ್ ಹೊಡಿತಾವ. ನೀವು ಅಷ್ಟ್ ದೂರ ವಿಮಾನ ಹತ್ತಿ ಹೋಗಿ ಕೂಸಿಗೆ ಏನ್ ಕಲಿಸಿದ್ರಿ?"

ಇಲ್ಲಿನ ಶಾಲೆಗಳಿಗೆ ಈ ಚಿಂತೆಯೇ ಇಲ್ಲ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮೊದಲು ಒಂದನೇ ಕ್ಲಾಸಿನಿಂದಲೇ ವಿದೇಶಿ ಭಾಷೆ ಇತ್ತಂತೆ. 2018ರಲ್ಲಿ ಅದನ್ನೂ ಮೂರನೇ ಕ್ಲಾಸಿಗೆ ತಳ್ಳಿಬಿಟ್ಟರು, ಮೊದಲು ಜರ್ಮನ್ನೂ ಲೆಕ್ಕವೂ ಗಟ್ಟಿಯಾಗಲಿ ಅಂತ. ನಮ್ಮಲ್ಲಾದರೆ ಮಾಧ್ಯಮದ ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಮಗು ಯಾವ ಭಾಷೆಯಲ್ಲಿ ಓದಬೇಕೆಂದು ಸರ್ಕಾರ ಹೇರುವಂತಿಲ್ಲ, ಅದು ತಂದೆತಾಯಿಯ ಆಯ್ಕೆ ಎಂದು 2014ರಲ್ಲಿ ತೀರ್ಪಾಯಿತು. ತಂದೆತಾಯಿ ಏನನ್ನು ಆರಿಸಿಕೊಂಡರು ಅಂತ ಬೇರೆ ಹೇಳಬೇಕಾ? ಆ ಪರಂಪರೆಯವರಾದ ನಾವು ಕಿಂಡರ್‌ಗಾರ್ಟನ್ನಿನ ಟೀಚರ್ ಹತ್ತಿರ ನಮ್ಮ ಸಂಕಟ ತೋಡಿಕೊಂಡರೆ, ಆಕೆ "ಮನೆಯಲ್ಲಿ ನಿಮ್ಮ ಭಾಷೆಯನ್ನೇ ಚೆನ್ನಾಗಿ ಆಡಿ, ಜರ್ಮನ್ ನಾವು ನೋಡಿಕೊಳ್ಳುತ್ತೇವೆ" ಅಂದರು. ಮತ್ತೆ ಇಂಗ್ಲಿಷ್? "ಅದಕ್ಕೇನವಸರ?" ಈ ಸೀಮೆಯ ಜನವೇ ಹಾಗೆ. ನಮಗೆ ಎಲ್ಲ ಬರುತ್ತದೆ, ಶಿಷ್ಟ ಜರ್ಮನ್ ಒಂದು ಬಿಟ್ಟು ಎಂದು 1999ರಲ್ಲಿ ತಮ್ಮ ರಾಜ್ಯದ ಜಾಹೀರಾತಿನಲ್ಲೇ ಹಾಕಿಕೊಂಡು ಮೀಸೆ ತಿರುವಿದವರು. ಸ್ವಂತ ಭಾಷೆಯೇ ನೆಟ್ಟಗೆ ಬರುವುದಿಲ್ಲ ಎನ್ನುತ್ತಲೇ ಜಗತ್ತಿಗೆಲ್ಲ ಕಾರು ಮಾರುತ್ತಿರುವವರಿಗೆ ಇಂಗ್ಲಿಷಿನ ಮಹಿಮೆಯನ್ನು ಯಾವ ಬಾಯಲ್ಲಿ ಹೇಳುವುದು?

ಸರಿ, ಮನೆಯಲ್ಲೇ ಕಲಿಸುವುದೆಂದಾಯಿತು. ಇವರು ಏನು ಮಾಡುವುದಿದ್ದರೂ ಮೊದಲು ಓದಿಕೊಂಡು ಆಮೇಲೆ ಮಾಡುವವರು. ಇಡ್ಲಿ ಪಾತ್ರೆ ಕೊಳ್ಳುವ ಮುಂಚೆಯೂ ಮೂರು ದೇಶದವರ ಅಭಿಪ್ರಾಯ ಓದಿದ್ದರು. ಈ ಸಲ ಅವರಿಗೆ ಸಿಕ್ಕಿದವನು ಝೂಲ್ ರೋಂಝಾ ಎಂಬ ಫ್ರೆಂಚ್ ಭಾಷಾವಿಜ್ಞಾನಿ. ಮನೆಯಲ್ಲಿ ಅಪ್ಪ ಫ್ರೆಂಚ್ ಬಿಟ್ಟು ಬೇರೆ ಆಡಲಿಲ್ಲ, ಅಮ್ಮ ಜರ್ಮನ್ ಬಿಟ್ಟು ಬೇರೆ ಆಡಲಿಲ್ಲ, ಮಗ ಎರಡನ್ನೂ ಲೀಲಾಜಾಲವಾಗಿ ಕಲಿತ; ಅದನ್ನೇ ಅಪ್ಪ 1913ರಲ್ಲಿ ಪುಸ್ತಕ ಮಾಡಿದ. "ನೋಡು, ಒಬ್ಬರಿಗೊಂದು ಭಾಷೆ, ಅಷ್ಟೇ. ನೀನು ಕನ್ನಡ, ನಾನು ಇಂಗ್ಲಿಷ್" ಅಂದರು. ರೋಂಝಾ ಹುಟ್ಟಾ ಫ್ರೆಂಚ್ ಮಾತಿನವನು, ಇವರು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಎಂಬ ಸಣ್ಣ ವ್ಯತ್ಯಾಸವನ್ನು ನಾನು ಎತ್ತಲು ಹೋಗಲಿಲ್ಲ. ಸಂಸಾರ ನಡೆಯಬೇಕಲ್ಲ.

ಇವರ ಇಂಗ್ಲಿಷ್ ಪೂರಾ ಆಫೀಸಿನಲ್ಲಿ ಬೆಳೆದದ್ದು. ಎದುರಿಗೆ ಐದು ವರ್ಷದ ಮಗು ನಿಂತಿದ್ದರೂ ಬಾಯಿಂದ ಬರುವುದು ಈಮೇಲೇ. "ಪುಟ್ಟಿ, ಆ್ಯಸ್ ಡಿಸ್ಕಸ್ಡ್ ಯೆಸ್ಟರ್‌ಡೇ, ಪ್ಲೀಸ್ ಫಿನಿಶ್ ದಿ ಮಿಲ್ಕ್." ಪುಟ್ಟಿ ಗೋಡೆ ನೋಡಿದಳು. "ಜಸ್ಟ್ ಎ ಜೆಂಟಲ್ ರಿಮೈಂಡರ್, ಪುಟ್ಟಿ." ಹಾಲಿನ ಮೇಲೆ ಕೆನೆ ಕಟ್ಟಿತು. "ಕೈಂಡ್ಲಿ ಡೂ ದಿ ನೀಡ್‌ಫುಲ್." ಕೆನೆ ಸುಕ್ಕುಗಟ್ಟಿತು. ಆಗ ಒಳಗೆಲ್ಲೋ ಮಲಗಿದ್ದ ಮೈಸೂರು ಎದ್ದು ಬಂತು: "ಕುಡೀತೀಯೇನೇ, ಇಲ್ಲಾ ನಾನೇ ಬರ್ಲಾ?" ಲೋಟ ಖಾಲಿ. ಪುಟ್ಟಿಗೆ ಇಂಗ್ಲಿಷ್ ಹತ್ತದಿದ್ದರೂ ಅದರ ಮರ್ಮ ಚೆನ್ನಾಗಿಯೇ ಹತ್ತಿತು: ಅಪ್ಪ ಇಂಗ್ಲಿಷಿನಲ್ಲಿ ಇರುವಷ್ಟು ಹೊತ್ತು ಅಪಾಯವಿಲ್ಲ.

ಟಿವಿಯಾದರೂ ಕಲಿಸೀತೆಂದು ಪೆಪ್ಪಾ ಪಿಗ್ ಹಾಕಿದರು. ಆ ಹಂದಿಮರಿ ಜರ್ಮನಿಯಲ್ಲಿ ಪೆಪ್ಪಾ ವುಟ್ಸ್, ಮಾತಾಡುವುದೂ ಜರ್ಮನ್ನೇ. ಇಂಗ್ಲಿಷ್ ಪೆಪ್ಪಾಳನ್ನು ಎರಡು ನಿಮಿಷ ನೋಡಿದ ಪುಟ್ಟಿ, "ಪಾಪ, ಇವಳಿಗೆ ಹುಷಾರಿಲ್ಲ" ಎಂದು ಟಿವಿ ಆರಿಸಿ ಎದ್ದಳು.

ಪದ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಟಬ್ಬಿನೊಳಗೇ ಬಕೆಟ್ ಇಟ್ಟುಕೊಂಡು ಚೊಂಬಿನ ಲೆಕ್ಕದಲ್ಲಿ ಸ್ನಾನ ಮಾಡುವ ಮನೆ ನಮ್ಮದು, ಪಾಠವೂ ಅಲ್ಲಿಯೇ.

"ಅಮ್ಮಾ, ಬಕೆಟ್‌ಗೆ ಇಂಗ್ಲಿಷಲ್ಲಿ ಏನಂತಾರೆ?"

"ಬಕೆಟ್."

"ಅದು ಕನ್ನಡ ಅಲ್ವಾ? ಸೋಪಿಗೆ?"

"ಸೋಪೇ."

"ಟವೆಲ್‌ಗೆ?"

ನಾನು ಸುಮ್ಮನಾದೆ. ಪುಟ್ಟಿ ಮುಖದ ನೊರೆ ಒರೆಸಿಕೊಂಡು ನನ್ನನ್ನು ಒಂದು ಥರಾ ನೋಡಿ, "ನಿಂಗೂ ಬರಲ್ಲ ಅಲ್ವಾ?" ಅಂದಳು. ಇವರಿಗೆ ಹೇಳಿದರೆ ಖುಷಿಯೋ ಖುಷಿ. ಹಾಗಾದರೆ ಅರ್ಧ ಸಿಲಬಸ್ ಆಗಲೇ ಮುಗಿದಿದೆ ಅಂದರು.

ಅಂಕಿಯ ಕಥೆ ಬೇರೆ. ಜರ್ಮನ್ನರು ಬಿಡಿಯನ್ನು ಮೊದಲು ಹೇಳಿ ಹತ್ತನ್ನು ಆಮೇಲೆ ಹೇಳುವವರು. ಇಪ್ಪತ್ನಾಲ್ಕು ಅವರ ಬಾಯಲ್ಲಿ 'ನಾಲ್ಕೂ ಇಪ್ಪತ್ತೂ'. ಇವರು "ಟ್ವೆಂಟಿ ಫೋರ್" ಎಂದರೆ ಪುಟ್ಟಿ ಮೊದಲು ಕೇಳಿದ ಎರಡನ್ನು ಶಿಸ್ತಾಗಿ ಬಲಗಡೆ ಬರೆದು, ಎಡಗಡೆ ಬಿಟ್ಟ ಜಾಗದಲ್ಲಿ ನಾಲ್ಕನ್ನು ಕೂರಿಸುತ್ತಿದ್ದಳು. ಅಂಗಡಿ ಆಟದಲ್ಲಿ ಇವರು ಇಪ್ಪತ್ನಾಲ್ಕು ಯೂರೋದ ಪ್ಲಾಸ್ಟಿಕ್ ಬದನೆಕಾಯಿಗೆ ನಲವತ್ತೆರಡು ತೆತ್ತರು. ಅಸಲಿ ಯೂರೋ, ಅದೂ ವಾಪಸು ಸಿಗಲಿಲ್ಲ.

ಈ ನಡುವೆ ಮಾವನವರು ಕಿಟೆಲ್‌ರನ್ನು ಎಳೆದು ತಂದರು. ಜರ್ಮನ್ನರಿಗೆ ಇಂಗ್ಲಿಷ್ ಬೇಡವೆನ್ನುವುದಾದರೆ, ಜರ್ಮನ್ನೇ ಆದ ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಯಾಕೆ ಮಾಡಿದರು, ಕನ್ನಡ-ಜರ್ಮನ್ ಮಾಡಬಹುದಿತ್ತಲ್ಲ? ಪ್ರಶ್ನೆಯೇನೋ ಗಟ್ಟಿ. ಕೇಳೋಣವೆಂದರೆ ಕಿಟೆಲ್ ನಮ್ಮ ಪಕ್ಕದ ಟ್ಯೂಬಿಂಗನ್ನಿನಲ್ಲೇ 1903ರಲ್ಲಿ ತೀರಿಕೊಂಡಿದ್ದಾರೆ. "ಅವರು ಮೊದಲು ಕನ್ನಡ ಕಲಿತ್ರು ಮಾವಾ" ಎಂದೆ. ಧಾರವಾಡದಲ್ಲೂ ಇದ್ದವರು ಎಂದು ಒಂದು ಮಾತು ಸೇರಿಸಿದೆ. ಅತ್ತೆ ಫೋನ್ ಇಸಿದುಕೊಂಡು ಊಟ ಆಯ್ತಾ ಎಂದು ಕೇಳಿದರು.

ಅಂತೂ ನಮ್ಮ ಪುಟ್ಟಿಗೆ ಇಂಗ್ಲಿಷ್ ಬಂತು. ಬಂದದ್ದು ಬೆಂಗಳೂರಿನಲ್ಲಿ.

ರಜೆಗೆ ಹೋದಾಗ ವೈಟ್‌ಫೀಲ್ಡಿನ ನಾದಿನಿಯ ಮನೆಯಲ್ಲಿ ಉಳಿದುಕೊಂಡೆವು. ಅವಳ ಮಗನಿಗೂ ಪುಟ್ಟಿಗೂ ಕೆಲವೇ ತಿಂಗಳ ಅಂತರ. "ಬಾರೋ, ಆಡೋಣ" ಎಂದು ಪುಟ್ಟಿ ಕರೆದರೆ ಅವನು ತಿರುಗಿ ತನ್ನ ಅಮ್ಮನ ಮುಖ ನೋಡಿದ. "ಅವ್ನಿಗೆ ಕನ್ನಡ ಅರ್ಥ ಆಗತ್ತೆ ಅತ್ತಿಗೆ, ಮಾತಾಡಲ್ಲ ಅಷ್ಟೆ" ಅಂದಳು ನಾದಿನಿ. ಅರ್ಥವಾಗುವ ಲಕ್ಷಣವೂ ಕಾಣಲಿಲ್ಲ. ಒಂದು ಮೊಮ್ಮಗುವಿಗೆ ಕನ್ನಡ, ಜರ್ಮನ್. ಇನ್ನೊಂದಕ್ಕೆ ಇಂಗ್ಲಿಷ್, ಹಿಂದಿ. ನಡುವೆ ಸೋಫಾದ ಮೇಲೆ ನಮ್ಮತ್ತೆ, ಎಸ್ಸೆಸ್ಸೆಲ್ಸಿ ಇಂಗ್ಲಿಷಿನ ದುಭಾಷಿ: "ಅಕ್ಕ ಈಸ್ ಕಾಲಿಂಗ್ ಕಣೋ, ಯು ಗೋ." ಹೊಸ್ತಿಲು ದಾಟಿದರೆ ಫಾರಿನ್ನಿನ ಮಗುವಿನ ಕನ್ನಡ ಅರ್ಥವಾಗುತ್ತಿದ್ದುದು ಗೇಟಿನ ಸೆಕ್ಯೂರಿಟಿಯವನಿಗೆ ಮಾತ್ರ. ಅವನು ಮಂಡ್ಯದವನು. ಇಬ್ಬರಿಗೂ ಗಂಟೆಗಟ್ಟಲೆ ಮಾತು.

ಹುಡುಗನ ಹತ್ತಿರ ಕೆಂಪು ಸೈಕಲ್ಲೊಂದಿತ್ತು. ಅದು ಕನ್ನಡಕ್ಕೆ ಬಗ್ಗಲಿಲ್ಲ, ಜರ್ಮನ್ನಿಗೂ ಬಗ್ಗಲಿಲ್ಲ. ವಾರ ಕಳೆಯುವುದರೊಳಗೆ ಕೆಳಗಿನ ಪಾರ್ಕಿಂಗಿನಿಂದ ಪುಟ್ಟಿಯ ದನಿ ಎಂಟನೇ ಮಹಡಿಗೆ ಕೇಳಿಸಿತು: "ನೋ ಚೀಟಿಂಗ್ ಯಾ! ಮೈ ಟರ್ನ್! ಐ ವಿಲ್ ಟೆಲ್ ಆಂಟಿ!" ಇವರು ಬಾಲ್ಕನಿಯಲ್ಲಿ ನಿಂತು, ರೋಂಝಾ ಹೇಳಿದ್ದು ಸುಳ್ಳಾಗಲಿಲ್ಲ ನೋಡು ಅಂದರು.

ಅಲ್ಲಿಂದ ಮೈಸೂರಿಗೆ ಹೋದೆವು. ಮಾವನವರು ಅಕ್ಕಪಕ್ಕದವರನ್ನೆಲ್ಲ ಕರೆದು, ಕಾಫಿ ಕೊಟ್ಟು ಕೂರಿಸಿ, ಮೊಮ್ಮಗಳನ್ನು ನಡುಮನೆಗೆ ಕರೆತಂದರು. "ಪುಟ್ಟೀ, ಒಂದು ರೈಮ್ಸ್."

"ವೈ ಶುಡ್ ಐ?" ಅಂದಳು ಪುಟ್ಟಿ.

ಮಾವನವರ ಕಣ್ಣಲ್ಲಿ ನೀರೇ ಬಂತು. "ನೋಡಿದ್ರಾ, ಏನು ಫ್ಲೋ!"

ಸ್ಟುಟ್‌ಗಾರ್ಟಿಗೆ ಮರಳಿದ ವಾರವೇ ಮೆಟ್ಟಿಲು ಗುಡಿಸುವ ಪಾಳಿ ನಮ್ಮದಾಗಿತ್ತು. ಇದಕ್ಕಿಲ್ಲಿ ಕೇರ್‌ವೋಖೆ ಎನ್ನುತ್ತಾರೆ, ಏಕಾದಶಿಯಷ್ಟೇ ನಿಷ್ಠೆಯಿಂದ ಆಚರಿಸುತ್ತಾರೆ. ಕೆಳಮನೆಯಾಕೆ ಎಂದಿನಂತೆ ಮೂಲೆಯ ಧೂಳಿನ ತನಿಖೆಗೆ ನಿಂತಿದ್ದರು. "ಹಾಯ್ ಆಂಟಿ!" ಎಂದಳು ಪುಟ್ಟಿ. ನಾನು ಯಾವಾಗ ನಿನಗೆ ಅತ್ತೆಯಾದೆ ಎಂದು ಆಕೆ ನನ್ನ ಕಡೆ ನೋಡಿದರು. ನಮ್ಮಲ್ಲಿ ಮೆಟ್ಟಿಲ ಮೇಲೆ ಎದುರಾಗುವ ಹೆಂಗಸರೆಲ್ಲ ಆಂಟಿಯರೇ ಎಂದು ಪೊರಕೆ ಹಿಡಿದುಕೊಂಡೇ ಬಿಡಿಸಿ ಹೇಳಿದೆ. "ಇದು ಇಂಗ್ಲಿಷಾ?" "ಹೌದು." ಆಕೆ ಸ್ವಲ್ಪ ಯೋಚಿಸಿ, ಸಂಬಂಧಿಕರೇ ಆದಮೇಲೆ ತಾನು ಊರಲ್ಲಿಲ್ಲದಾಗ ತನ್ನ ಪಾರ್ಸೆಲ್ ತೆಗೆದಿಟ್ಟುಕೊಳ್ಳಲು ತೊಂದರೆಯಿಲ್ಲ ತಾನೇ ಎಂದು ಕೇಳಿದರು. ಮೊನ್ನೆ ನಾಲ್ಕು ಚಳಿಗಾಲದ ಟಯರು ಬಂದು ನಮ್ಮ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಿವೆ. ಆಂಟಿ ಇಟಲಿಗೆ ಹೋಗಿದ್ದಾರೆ.