ಮಣಿಕೊಂಡದಲ್ಲಿ ಡಿಕಾಕ್ಷನ್ ಶೋಧ

ಮಗನ ಫ್ಲಾಟಿಗೆಂದು ಹೈದರಾಬಾದಿನ ಮಣಿಕೊಂಡಕ್ಕೆ ಬಂದಿಳಿಯುವ ಕನ್ನಡದ ಅಪ್ಪ-ಅಮ್ಮಂದಿರು ಗೋಲ್ಕೊಂಡ, ಚಾರ್‌ಮಿನಾರುಗಳ ವಿಷಯ ಎತ್ತುವುದು ಆಮೇಲೆ. ಮೊದಲ ಪ್ರಶ್ನೆ: "ಇಲ್ಲಿ ಕಾಫಿ ಎಲ್ಲಿ ಸಿಗುತ್ತಪ್ಪಾ?"

ಹೈದರಾಬಾದು ಇರಾನಿ ಚಹಾದ ಊರು. ಉಸ್ಮಾನಿಯಾ ಬಿಸ್ಕತ್ತು ಅದ್ದಿಕೊಂಡರೆ ಅದೂ ರುಚಿಯೇ, ಸುಳ್ಳು ಹೇಳಬಾರದು. ಆದರೆ ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ರಾಜ್ಯದವರ ನಾಲಿಗೆ ಚಹಾಕ್ಕೆಲ್ಲ ಬಗ್ಗೀತೇ?

ಮಣಿಕೊಂಡ ಐಟಿಯವರ ಬಡಾವಣೆ, ಎಸಿ ಕೆಫೆಗಳಿಗೇನೂ ಬರವಿಲ್ಲ. ನೊರೆಯ ಮೇಲೆ ಎಲೆಯ ಚಿತ್ರ ಬಿಡಿಸಿ ಕೊಡುತ್ತಾರೆ. ಬಿಲ್ಲು ನೋಡಿದ ಅಪ್ಪ, ಅಷ್ಟು ದುಡ್ಡಿಗೆ ಚಿಕ್ಕಮಗಳೂರಿನ ಪುಡಿ ಎಷ್ಟು ಬರುತ್ತಿತ್ತೆಂದು ಲೆಕ್ಕ ಹಾಕುತ್ತಾ ಕುಡಿಯುತ್ತಾರೆ. ಚಿತ್ರವನ್ನು ಕುಡಿಯಲಾದೀತೇ ಎಂಬುದು ಅಮ್ಮನ ತಕರಾರು. ನನ್ನ ಓಟು ಅಮ್ಮನಿಗೆ.

ಹುಡುಕುವವರು ಬೋರ್ಡು ನೋಡಬೇಡಿ, ಡಿಕಾಕ್ಷನ್ ಪಾತ್ರೆ ನೋಡಿ. ಬೆಳಿಗ್ಗೆ ಬೇಗ ಟಿಫಿನ್ ಸೆಂಟರಿಗೆ ಹೋಗಿ. ಮೊದಲ ಡಿಕಾಕ್ಷನ್ನಿನ ಗಮ್ಮತ್ತು ಹತ್ತು ಗಂಟೆಯ ನೀರು ಡಿಕಾಕ್ಷನ್ನಿಗಿಲ್ಲ. ಚಿಕೋರಿ ಎಷ್ಟೆಂದು ಕೇಳಲು ಸಂಕೋಚ ಬೇಡ. ಬೆಂಗಳೂರಿನ ರಾಮೇಶ್ವರಂ ಕೆಫೆಯೇ ಬೇಕೆಂದರೆ ಮಾದಾಪುರದಲ್ಲಿದೆ, ಟ್ರಾಫಿಕ್ಕಿಗೆ ಹೆದರದಿದ್ದರೆ ಹೊರಡಿ.

ಅದೂ ಬೇಡವೆಂದರೆ ಊರಿಂದಲೇ ಫಿಲ್ಟರು, ಪುಡಿ ತನ್ನಿ. ನಂದಿನಿ ಹಾಲು ಹೈದರಾಬಾದಿನಲ್ಲೂ ಸಿಗುತ್ತದೆ.