ಅಂಟು ಮಾಮ

ಬಂಧುಬಳಗ ಸ್ವಲ್ಪ ದೊಡ್ಡದಿದ್ದರೆ ಅದರಲ್ಲೊಬ್ಬರು ಅಂಟು ಮಾಮ ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ಕೆ.ಇ.ಬಿ.ಯಿಂದಲೋ ನಿವೃತ್ತರು. ಪೆನ್ಷನ್ ಶುರುವಾದ ಮೊದಲ ತಿಂಗಳು ವಾಕಿಂಗು, ಎರಡನೆಯ ತಿಂಗಳು ಸಕ್ಕರೆ ಕಾಯಿಲೆ, ಮೂರನೆಯ ತಿಂಗಳು ಅಟ್ಟ. ಅಟ್ಟದ ಟ್ರಂಕಿನಲ್ಲಿ ಅಪ್ಪನ ಕಾಲದ ಜೈಮಿನಿ ಭಾರತ ಸಿಕ್ಕಿತೋ, ಅಂದಿನಿಂದ ಹರಿದ ಹಾಳೆ ಅಂಟಿಸಲೆಂದು ಮನೆಯ ಮೈದಾಹಿಟ್ಟು ಅವರ ಸ್ವಾಧೀನ.

ಅಂಟು ಕಾಯಿಸುವುದೆಂದರೆ ಮಡಿಯ ಕೆಲಸ. ಉರಿ ಸಣ್ಣಗಿರಬೇಕು, ಗಂಟು ಕಟ್ಟಬಾರದು, ಕೈ ಬಿಡದೆ ತಿರುವಬೇಕು. ಹುಳ ಬೀಳದಿರಲೆಂದು ಕೊನೆಗೆ ಚಿಟಿಕೆ ಮೈಲುತುತ್ತ. ಆ ನೀಲಿ ಪೊಟ್ಟಣ ಸಾಸಿವೆ ಡಬ್ಬಿಯ ಪಕ್ಕ ಕಂಡ ದಿನವೇ ಅತ್ತೆ ಅಂಟನ್ನೂ ಮಾಮನನ್ನೂ ಹಿತ್ತಲಿಗೆ ಅಟ್ಟುತ್ತಾರೆ.

"ವಿಷ ಕಣ್ರೀ ಅದು!"

"ಹುಳಕ್ಕೆ ಕಣೇ, ನಿನಗಲ್ಲ."

ಇವರ ಬದ್ಧವೈರಿ ಗೆದ್ದಲಲ್ಲ, ಸೆಲೋಟೇಪು. ಟೇಪು ಒಣಗಿ ಉದುರಿದರೂ ಅದರ ಕಂದು ಕಲೆ ಹಾಳೆ ಬಿಟ್ಟು ಹೋಗುವುದಿಲ್ಲ. ಟೇಪು ಹಚ್ಚಿದವನಿಗೆ ರೌರವ ನರಕವೇ ಗತಿ ಎಂದು ಮಾಮ ಶಪಿಸುವಾಗ, "ಕಾಲೇಜಿನಲ್ಲಿದ್ದಾಗ ಹಚ್ಚಿದವನು ನೀನೇ ಅಲ್ವೇನೋ" ಎಂದು ಅವರ ಅಕ್ಕ ನೆನಪಿಸುತ್ತಾರೆ. ತಕ್ಷಣ ಮಾತು ಕಾಗದದ ಆಮ್ಲದ ಕಡೆ ಹೊರಳುತ್ತದೆ. ಹಿಂದಿನವರ ಚಿಂದಿಬಟ್ಟೆಯ ಕಾಗದ ಶತಮಾನಗಟ್ಟಲೆ ಬಾಳಿತು, ಮರದ ತಿರುಳಿನ ಅಗ್ಗದ ಕಾಗದ ತನ್ನೊಳಗಿನ ಆಮ್ಲಕ್ಕೇ ಸವೆದು ಹಪ್ಪಳದಂತೆ ಪುಡಿಯಾಗುತ್ತದೆ, ಇತ್ಯಾದಿ. ಮಾತು ನಿಜವೇ. ಆದರೆ ಕಾಫಿ ಆರಿರುತ್ತದೆ.

ಜಪಾನಿಗೆ ಹೊರಟ ಸೋದರಳಿಯನಿಗೆ ಇವರು ಕ್ಯಾಮೆರಾ ತಾ ಅನ್ನುವುದಿಲ್ಲ. ಅಲ್ಲಿ ಗಿಡದ ತೊಗಟೆಯ ನಾರಿನಿಂದ ಮಾಡುವ ತೆಳುಕಾಗದ ತರಲು ಹೇಳುತ್ತಾರೆ. ಹರಿದ ಪುಟದ ಮೇಲೆ ಅಂಟಿಸಿದರೂ ಅಕ್ಷರ ಕಾಣುತ್ತದಂತೆ. ಅಂಟಿಸಿದ ಮೇಲೆ ಒತ್ತಲು ಭಾರ ಬೇಕಲ್ಲ, ಅದಕ್ಕೆ ಕಿಟೆಲ್ ನಿಘಂಟಿನ ಮರುಮುದ್ರಣವಿದೆ. 1894ರಲ್ಲಿ ಮಂಗಳೂರಿನಲ್ಲಿ ಆ ನಿಘಂಟನ್ನು ಅಚ್ಚುಹಾಕಿದ ಬಾಸೆಲ್ ಮಿಷನ್ನಿನವರಿಗೆ ಈ ಉಪಯೋಗ ಹೊಳೆದಿರಲಾರದು.

ಜೈಮಿನಿ ಭಾರತದ ಮೊದಲ ಖಾಲಿ ಹಾಳೆಯಲ್ಲಿ ಅವರಪ್ಪ ಮಕ್ಕಳ ಜನ್ಮನಕ್ಷತ್ರಗಳನ್ನೂ ಎಮ್ಮೆ ಈದ ದಿನಗಳನ್ನೂ ಒಂದೇ ಮಸಿಯಲ್ಲಿ, ಒಂದೇ ಪ್ರೀತಿಯಲ್ಲಿ ಬರೆದಿಟ್ಟಿದ್ದರು. ಆ ಲೆಕ್ಕ ನೋಡಿದರೆ, ಜೂನ್ ಒಂದಕ್ಕೆ ಹುಟ್ಟಿಸಿದ ಶಾಲೆಯ ದಾಖಲೆಗಿಂತ ಮಾಮ ಎರಡು ವರ್ಷ ದೊಡ್ಡವರು. ಎರಡು ವರ್ಷದ ಸಂಬಳ ಸರ್ಕಾರಕ್ಕೆ ಬಾಕಿ. ದುರಸ್ತಿಯಲ್ಲಿ ಬೇರೆ ಹಾಳೆಗಳೆಲ್ಲ ಬಿಡಿಬಿಡಿಯಾಗಿ ಬಂದವು. ಅದೊಂದು ಮಾತ್ರ ಹೇಗೋ ಪೂರ್ತಿಯಾಗಿ ರಟ್ಟಿಗೆ ಅಂಟಿಕೊಂಡಿತು.

ಇಷ್ಟೆಲ್ಲ ಆದ ಮೇಲೆ ಪುಸ್ತಕವನ್ನು ಯಾರೂ ತೆರೆಯುವಂತಿಲ್ಲ. ಕೆಂಪು ಬಟ್ಟೆ, ಬಜೆಯ ತುಂಡು, ಬೀರು, ಬೀಗ. "ತಾತ, ಇದರಲ್ಲಿ ಏನು ಕಥೆ?" ಎಂದು ಮೊಮ್ಮಗಳು ಕೇಳಿದರೆ, "ಹದಿನಾರು ಪುಟದ ಫಾರಂ ಪುಟ್ಟಿ, ನಡುಮಡಿಕೆಯಲ್ಲಿ ಹೊಲಿಗೆ, ಬೆನ್ನಿಗೆ ಕ್ಯಾಲಿಕೊ" ಎಂದು ಕಣ್ಣರಳಿಸುತ್ತಾರೆ. ಅರ್ಜುನನ ಸುದ್ದಿಯೇ ಇಲ್ಲ.

ಸ್ವಂತ ಮನೆಯ ಪುಸ್ತಕಗಳು ಮುಗಿದ ಮೇಲೆ ಅವರು ನಿಜಕ್ಕೂ ಅಪಾಯಕಾರಿ. ಗೃಹಪ್ರವೇಶಕ್ಕೆ ಹೋದವರು ಹೊಸ ಮನೆಯ ಗ್ರಾನೈಟ್ ನೋಡುವುದಿಲ್ಲ, ನೇರ ದೇವರಮನೆಗೆ ನಡೆದು ಪಂಚಾಂಗದ ಬೆನ್ನು ತಡವಿ, "ಅಯ್ಯೋ, ಸ್ಟೇಪ್ಲರ್ ಪಿನ್ನು! ತುಕ್ಕು ಬೇರೆ!" ಎಂದು ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಸಂಕೋಚಕ್ಕೆ ಮನೆಯವರು ಬೇಡವೆನ್ನಲಾರರು. ಹೊಸ ರಟ್ಟು, ದಾರದ ಹೊಲಿಗೆ, ಬೆನ್ನಿಗೆ ಬಟ್ಟೆ ಎಲ್ಲ ಕೂಡಿ ನೂರು ವರ್ಷ ಬಾಳುವಂತೆ ಗಟ್ಟಿಯಾದ ಆ ಪಂಚಾಂಗ ವಾಪಸಾಗುವುದು ಮುಂದಿನ ಯುಗಾದಿಯ ಮಾರನೆಯ ದಿನ.